ಬಾಲವನದ ಅಪ್ಪ

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಸಂಘದವರು ಕೇಳಿದಾಗ ಮೊದಲು ನೆನಪಾದವರು ಮೊಳಹಳ್ಳಿ ಶಿವರಾಯರು. ನಮ್ಮ ಜಿಲ್ಲೆಗೆ ಸಹಕಾರದ ದಾರಿ ತೋರಿದವರು ಅವರೇ ತಾನೆ? ಆದರೆ ಅವರ ವಿಷಯ ಇಂಥ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅವರ ಬೆಂಬಲದಿಂದ ಪುತ್ತೂರಿನಲ್ಲಿ ನಾಡಹಬ್ಬ ನಡೆಸಿದ ಡಾ. ಶಿವರಾಮ ಕಾರಂತರನ್ನು, ಅದೂ ಒಬ್ಬ ತಂದೆಯಾಗಿ, ಈ ಸಲ ನೆನೆಯೋಣ ಅಂತ ಕಂಡಿತು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಅಸಹಕಾರ ಚಳವಳಿಯ ಕಾಲಕ್ಕೆ ಕಾಲೇಜು ಬಿಟ್ಟರು. (ಅಸಹಕಾರದಿಂದ ಶುರುವಾದ ಬದುಕನ್ನು ಸಹಕಾರಿ ಸಂಚಿಕೆಯಲ್ಲಿ ಬರೀತಿದ್ದೇನೆ, ಇರಲಿ.) ಆಮೇಲೆ ತಿಂಗಳ ಸಂಬಳ ನಂಬಿ ಕೂತವರಲ್ಲ. ಬರವಣಿಗೆಯೇ ಅವರ ಗದ್ದೆ, ತೋಟ.

1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಬ್ರಾಹ್ಮಣರ ಹುಡುಗ, ಬಂಟರ ಹುಡುಗಿ. ಆ ಕಾಲದ ಜನ ಸುಮ್ಮನಿರುತ್ತಾರೆಯೇ? ಆಡಿಕೊಂಡರು. ಸಂಸಾರ ಪುತ್ತೂರಿನ ಬಾಲವನದಲ್ಲಿ ಬೆಳೆಯಿತು. ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಎಂದು ನಾಲ್ವರು ಮಕ್ಕಳು. ತಮಗೆ ಮಕ್ಕಳಾಗುವ ಮೊದಲೇ ಊರ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದಿದ್ದರು ಎನ್ನುವುದನ್ನು ಮರೆಯಬಾರದು.

ಅವರಲ್ಲಿ ಕಸುಬು ಯಾವುದು, ಹವ್ಯಾಸ ಯಾವುದು ಹೇಳುವುದೇ ಕಷ್ಟ ಮಾರಾಯ್ರೆ! 1930ರಲ್ಲೇ 'ಡೊಮಿಂಗೊ' ಎಂಬ ಮೂಕಿ ಚಿತ್ರ ತೆಗೆದರು, ಮರುವರ್ಷ 'ಭೂತರಾಜ್ಯ'. ಫೋಟೋ ಹಿಡಿಯುವುದು, ಚಿತ್ರ ಬರೆಯುವುದು, ಊರೂರು ಸುತ್ತುವುದು. ಯಕ್ಷಗಾನದ ಬಗ್ಗೆ ಬರೆದು ಸುಮ್ಮನಾಗದೆ ತಾವೇ ಕುಣಿದರು, ಮುದಿ ಪ್ರಾಯದಲ್ಲೂ ಕುಣಿದರು. ನಲವತ್ತಕ್ಕೂ ಮಿಕ್ಕಿ ಕಾದಂಬರಿ ಬರೆದದ್ದು, 1977ರ ಜ್ಞಾನಪೀಠ, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತುಂಟು.

1943ರಲ್ಲಿ ಬಂದ 'ಬೆಟ್ಟದ ಜೀವ' ನಮ್ಮ ಸುಬ್ರಹ್ಮಣ್ಯದ ಕಡೆಯ ಕತೆ. ಮನೆ ಬಿಟ್ಟುಹೋದ ಮಗನ ದಾರಿ ಕಾಯುವ ಮುದುಕ ದಂಪತಿ ಅದರಲ್ಲಿ ಇದ್ದಾರೆ. ಮುಂದೆ ಕಾರಂತರ ಮನೆಯಲ್ಲೇ ಹಿರಿಮಗ ಹರ್ಷ ಚಿಕ್ಕ ಪ್ರಾಯದಲ್ಲಿ ತೀರಿಹೋದ. ಕತೆಯ ಮಗನಾದರೂ ಒಂದು ದಿನ ಬಂದಾನು ಎಂಬ ಆಸೆ ಇತ್ತು. ಇಲ್ಲಿ ಅದೂ ಇಲ್ಲ. ಪುತ್ತೂರಿನಲ್ಲಿ ಅಚ್ಚಾದ ಅವರ ಎಷ್ಟೋ ಪುಸ್ತಕಗಳ ಮೇಲೆ ಹರ್ಷ ಪ್ರಕಟಣಾಲಯ ಎಂದೇ ಇದೆ. ಮಗ ಹೋದ ಮೇಲೆ ಲೀಲಮ್ಮನವರ ಮನಸ್ಸಿನ ಆರೋಗ್ಯ ಕೆಟ್ಟಿತು. ಹೊರಗೆ ಕಾರಂತರನ್ನು ಸಿಡುಕ ಎಂದವರು ಬಹಳ. ಮನೆಯೊಳಗಿನ ಈ ಭಾರ ಕಂಡವರು ಎಷ್ಟು ಮಂದಿ? 1974ರಲ್ಲಿ ಸಾಲಿಗ್ರಾಮಕ್ಕೆ ಹೋದರು. 1986ರಲ್ಲಿ ಲೀಲಮ್ಮ ತೀರಿಕೊಂಡರು. ಇಷ್ಟೆಲ್ಲ ಆದರೂ ಬರವಣಿಗೆ ನಿಲ್ಲಲಿಲ್ಲ.

ಮಾಳವಿಕಾ ಮನಶ್ಶಾಸ್ತ್ರಜ್ಞೆಯಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿಯಾದರು. ಉಲ್ಲಾಸ ಎಂಜಿನಿಯರಿಂಗ್ ಓದಿಯೂ ನಾಗರಹೊಳೆಯ ಹುಲಿಗಳ ಹಿಂದೆ ಹೋದರು. ಕ್ಷಮಾ ನೃತ್ಯ ಕಲಿತರು. ಮೂವರೂ ಸೇರಿ ಅಪ್ಪನ ಮನೆಯಲ್ಲಿ ಬೆಳೆದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 2021ರಲ್ಲಿ ಬಂದಿದೆ.

ಕಾರಂತರು 95ರ ಪ್ರಾಯದಲ್ಲಿ ಬರೆದದ್ದು ಹಕ್ಕಿಗಳ ಮೇಲಿನ ಪುಸ್ತಕ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಹೋದರು. ಬಾಲವನ ಈಗಲೂ ಪುತ್ತೂರಿನ ಪರ್ಲಡ್ಕದಲ್ಲಿ ಉಂಟು. ನೋಡದವರು ಮಕ್ಕಳನ್ನು ಕರಕೊಂಡು ಒಮ್ಮೆ ಹೋಗಿ ಬನ್ನಿ.