ಮೂಲ್ಕಿಯ ವಕೀಲರು ಕಟ್ಟಿದ ನಂಬಿಕೆ

ಸಂಬಳ ಕೈಗೆ ಬಂದ ವಾರ ದೋಹಾದ ಹಣ ರವಾನೆ ಕೌಂಟರ್‌ಗಳ ಮುಂದೆ ಸಾಲು ನಿಲ್ಲುವುದು ನಮಗೆಲ್ಲ ಗೊತ್ತಿರುವ ದೃಶ್ಯ. ಮೊಬೈಲಿನಲ್ಲೇ ಹಣ ಕಳಿಸುವ ಕಾಲ ಬರುವ ಮೊದಲು ಆ ಸಾಲು ಇನ್ನೂ ಉದ್ದವಿರುತ್ತಿತ್ತು. ಇಲ್ಲಿನ ಈಸ್ಟರ್ನ್ ಎಕ್ಸ್‌ಚೇಂಜ್ ಸಂಸ್ಥೆಯ ನಿರ್ವಹಣೆಯನ್ನು ನಮ್ಮ ಕೆನರಾ ಬ್ಯಾಂಕ್ ವರ್ಷಗಟ್ಟಲೆ ನೋಡಿಕೊಂಡಿತ್ತು. ಬ್ಯಾಂಕಿನ ಅಧಿಕಾರಿಗಳು ಊರಿನಿಂದಲೇ ಬಂದು ಇಲ್ಲಿ ಕೆಲಸ ಮಾಡುತ್ತಿದ್ದರು. ಆ ಬ್ಯಾಂಕನ್ನು ಕಟ್ಟಿದವರು ಯಾರು ಎಂದು ಕೇಳಿದರೆ, ಯಾರೋ ದೊಡ್ಡ ವ್ಯಾಪಾರಿ ಇರಬೇಕು ಎನ್ನುವವರೇ ಹೆಚ್ಚು. ಅವರು ವ್ಯಾಪಾರಿಯಲ್ಲ, ಬ್ಯಾಂಕ್ ನೌಕರರೂ ಅಲ್ಲ. ಮಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡಿದ್ದ ಒಬ್ಬ ವಕೀಲರು. ಹೆಸರು ಅಮ್ಮೆಂಬಳ ಸುಬ್ಬರಾವ್ ಪೈ.

ಸುಬ್ಬರಾವ್ ಪೈ ಹುಟ್ಟಿದ್ದು 1852ರ ನವೆಂಬರ್ 19ರಂದು, ಮೂಲ್ಕಿಯ ಗೌಡ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ತಂದೆ ಉಪೇಂದ್ರ ಪೈ ಅಲ್ಲಿನ ಮುನ್ಸೀಫ್ ಕೋರ್ಟಿನಲ್ಲಿ ವಕೀಲರು. ಹಾಗಾಗಿ ದಾವೆ, ದಸ್ತಾವೇಜು, ಕಕ್ಷಿದಾರ ಎಂಬ ಮಾತುಗಳು ಹುಡುಗನ ಕಿವಿಗೆ ಹೊಸದೇನೂ ಆಗಿರಲಿಲ್ಲ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಎಫ್.ಎ. ಮುಗಿಸಿ, ಬಿ.ಎ. ಓದಲು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅಂದರೆ ಅವರ ಓದಿನ ಕಾಲಕ್ಕೆ ಆ ಸೌಕರ್ಯವೇ ಇಲ್ಲ. ಇಂದು ಮಂಗಳೂರಿನಿಂದ ದೋಹಾಕ್ಕೆ ಬರುವುದಕ್ಕಿಂತ ಆಗ ಮದರಾಸಿಗೆ ಹೋಗುವುದೇ ದೊಡ್ಡ ಪ್ರಯಾಣ.

ಮದರಾಸಿನಲ್ಲಿ ಅವರ ಮೇಲೆ ಪ್ರಭಾವ ಬೀರಿದವರು ಹೈಕೋರ್ಟ್ ನ್ಯಾಯಮೂರ್ತಿ ಹಾಲೋವೇ. ಕಾನೂನು ಓದು ಎಂದು ಹುರಿದುಂಬಿಸಿದವರೂ ಅವರೇ. ಓದು ಮುಗಿಸಿದ ಸುಬ್ಬರಾವ್ ಪೈಗಳು 1870ರ ದಶಕದಲ್ಲಿ ಮಂಗಳೂರಿಗೆ ಮರಳಿ ವಕೀಲಿ ಶುರು ಮಾಡಿದರು.

ಆ ಕಾಲದ ಕರಾವಳಿಯಲ್ಲಿ ವಕೀಲರಿಗೆ ಕೆಲಸ ಕಡಿಮೆ ಇರಲಿಲ್ಲ. ಮೂಲಗೇಣಿ, ಚಾಲಗೇಣಿ ಎಂದು ಭೂಮಿಯ ಹಕ್ಕಿನಲ್ಲೇ ಹಲವು ಬಗೆ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿಯ ಜಗಳ ಮಾವಂದಿರು, ಅಳಿಯಂದಿರು, ಸೋದರಿಯರ ಮಕ್ಕಳು ಎಲ್ಲರನ್ನೂ ಸುತ್ತಿಕೊಳ್ಳುತ್ತಿತ್ತು. ಇಂಥ ದಾವೆ ಎಳೆದಷ್ಟೂ ವಕೀಲರಿಗೆ ಫೀಸು. ಆದರೆ ಸುಬ್ಬರಾವ್ ಪೈಗಳು ಹೆಸರು ಮಾಡಿದ್ದು ಇದಕ್ಕೆ ತಿರುಗುಮುರುಗಾದ ಕಾರಣಕ್ಕೆ. ಸಾಧ್ಯವಾದಾಗಲೆಲ್ಲ ಎರಡೂ ಕಡೆಯವರನ್ನು ಕೂರಿಸಿ, ಕೋರ್ಟಿನ ಹೊರಗೇ ರಾಜಿ ಮಾಡಿಸಲು ನೋಡುತ್ತಿದ್ದರು. ಬರಬೇಕಿದ್ದ ಫೀಸು ಅದರಿಂದ ಕೈಬಿಟ್ಟು ಹೋಗುತ್ತಿತ್ತು. ಬದಲಿಗೆ ಸಿಕ್ಕಿದ್ದು ಜನರ ನಂಬಿಕೆ.

ಆ ನಂಬಿಕೆಯ ಬೆಲೆ ಎಷ್ಟೆಂದು ನನಗೆ ತಿಳಿದದ್ದು ನಮ್ಮ ಮನೆಯಲ್ಲೇ. ಅಪ್ಪ ಮತ್ತು ದೊಡ್ಡಪ್ಪನ ನಡುವೆ ತೋಟದ ಪಾಲಿನ ವ್ಯಾಜ್ಯ ಹದಿನಾಲ್ಕು ವರ್ಷ ನಡೆಯಿತು. ನಾನು ದೋಹಾದಿಂದ ಮೊದಲ ಐದಾರು ವರ್ಷ ಕಳಿಸಿದ ದುಡ್ಡಿನಲ್ಲಿ ಎಷ್ಟು ಪಾಲು ಆ ದಾವೆಗೆ ಹೋಯಿತೆಂದು ಒಮ್ಮೆ ಕೂತು ಲೆಕ್ಕ ಹಾಕಿದ್ದೆ. ತೋಟದ ಅಷ್ಟೂ ವರ್ಷದ ಅಡಿಕೆಗಿಂತ ಖರ್ಚೇ ಹೆಚ್ಚಾಗಿತ್ತು. ಆ ಲೆಕ್ಕವನ್ನು ಅಪ್ಪನಿಗೆ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಇಬ್ಬರನ್ನೂ ಒಂದೇ ಚಾವಡಿಯಲ್ಲಿ ಕೂರಿಸುವ ಒಬ್ಬರು ಮೊದಲ ವರ್ಷವೇ ಸಿಕ್ಕಿದ್ದರೆ ಎಂದು ಇಂದಿಗೂ ಅನ್ನಿಸುತ್ತದೆ.

ಸುಬ್ಬರಾವ್ ಪೈಗಳು ಜನರ ನಂಬಿಕೆಯನ್ನು ಮೊದಲು ತೊಡಗಿಸಿದ್ದು ಶಾಲೆಯಲ್ಲಿ. 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಆರಂಭವಾಯಿತು. ಮೂರೇ ವರ್ಷಕ್ಕೆ, 1894ರಲ್ಲಿ, ಹೆಣ್ಣುಮಕ್ಕಳಿಗೆಂದೇ ಇನ್ನೊಂದು ಶಾಲೆ ತೆರೆದರು. ಹುಡುಗಿಯರಿಗೆ ಅಕ್ಷರ ಯಾಕೆ ಎಂದು ಬಹುತೇಕ ಮನೆಗಳಲ್ಲಿ ಕೇಳುತ್ತಿದ್ದ ಕಾಲ ಅದು. ಡೊಂಗರಕೇರಿಯ ಆ ಶಾಲೆಗಳಲ್ಲಿ ಕಲಿತವರು ಇಂದು ಕೊಲ್ಲಿ ದೇಶಗಳ ತುಂಬ ಇದ್ದಾರೆ. ಈ ಪುಟ ಓದುತ್ತಿರುವ ಹಲವರ ಮನೆಯ ಅಜ್ಜಿ, ಅಮ್ಮ, ಅಕ್ಕಂದಿರೂ ಅಲ್ಲಿ ಓದಿರಬಹುದು.

ಆ ನಂಬಿಕೆಯಿಂದ ಬೆಳೆದ ಎರಡನೆಯದು ಬ್ಯಾಂಕು. ಸಾಲ ಬೇಕಾದವನು ಸಾಹುಕಾರನ ಮನೆಗೇ ಹೋಗಬೇಕಿದ್ದ ದಿನಗಳವು. ಉಳಿಸಿದ ನಾಲ್ಕು ಕಾಸನ್ನು ಧೈರ್ಯವಾಗಿ ಇಡಲು ಸಾಮಾನ್ಯರಿಗೆ ಜಾಗವಿರಲಿಲ್ಲ. ಮದರಾಸಿನ ಕಡೆ ಪರ್ಮನೆಂಟ್ ಫಂಡ್ ಅಥವಾ ನಿಧಿ ಎಂಬ ಏರ್ಪಾಡು ಆಗಲೇ ಬಳಕೆಯಲ್ಲಿತ್ತು. ಸದಸ್ಯರು ಸ್ವಲ್ಪಸ್ವಲ್ಪವಾಗಿ ಹಣ ಕಟ್ಟುವುದು, ಅದೇ ಹಣದಿಂದ ಸದಸ್ಯರಿಗೆ ಮಿತವಾದ ಬಡ್ಡಿಗೆ ಸಾಲ ಕೊಡುವುದು ಅದರ ಕ್ರಮ. ಅದೇ ದಾರಿಯಲ್ಲಿ 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಹುಟ್ಟಿತು. ಅದೇ ವರ್ಷದ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಆರಂಭಿಸಿದ್ದರು. ಒಂದೇ ಜಿಲ್ಲೆ, ಒಂದೇ ವರ್ಷ, ಎರಡು ಬ್ಯಾಂಕು.

ಫಂಡಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, ಅಕ್ಟೋಬರ್‌ನಲ್ಲಿ, ಮದರಾಸಿನ ಹೆಸರಾಂತ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಪಿಂಚಣಿದಾರರು, ನೌಕರರು, ವಿಧವೆಯರು ಎನ್ನದೆ ಸಾವಿರಾರು ಮಂದಿ ಜೀವಮಾನದ ಉಳಿತಾಯ ಕಳೆದುಕೊಂಡರು. ಬಿಳಿಯರ ದೊಡ್ಡ ಕಟ್ಟಡ ನೋಡಿ ದುಡ್ಡಿಟ್ಟಿದ್ದವರಿಗೆ ಅದು ದೊಡ್ಡ ಪಾಠ. ಆ ಪೆಟ್ಟಿನ ನಂತರ 1907ರಲ್ಲಿ ಮದರಾಸಿನಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟುವಾಗ ಮುಂದೆ ನಿಂತ ಕೃಷ್ಣಸ್ವಾಮಿ ಅಯ್ಯರ್ ಕೂಡ ವಕೀಲರೇ. ಅಂಥ ಹೊತ್ತಿನಲ್ಲಿ ಮಂಗಳೂರಿನ ಎಳೆಯ ಫಂಡಿನ ಬೆನ್ನಿಗೆ ದೊಡ್ಡ ಕಟ್ಟಡ ಇರಲಿಲ್ಲ. ಊರು ಕಂಡ ಒಬ್ಬ ವಕೀಲರ ಹೆಸರಿತ್ತು.

ಉಳಿತಾಯದ ಅಭ್ಯಾಸ ಬೆಳೆಸುವುದು, ಅಜ್ಞಾನ ಮತ್ತು ಮೂಢನಂಬಿಕೆ ತೊಲಗಿಸುವುದು, ಎಲ್ಲರಿಗೂ ವಿದ್ಯೆ ಹರಡುವುದು, ಕಷ್ಟದಲ್ಲಿರುವವರ ಕೈ ಹಿಡಿಯುವುದು ಇವೆಲ್ಲ ಆ ಸಂಸ್ಥೆಗೆ ಅವರು ಹಾಕಿಕೊಟ್ಟ ಧ್ಯೇಯಗಳು. ಲೆಕ್ಕಪರಿಶೋಧಕನಾಗಿ ಇಪ್ಪತ್ತು ವರ್ಷದಿಂದ ಕಂಪನಿಗಳ ಕಾಗದ ನೋಡುತ್ತಿದ್ದೇನೆ. ಲಾಭದ ಮಾತಿಗಿಂತ ಮೊದಲು ಇಂಥ ಮಾತು ಬರುವ ಕಾಗದ ನನ್ನ ಕೈಗೆ ಸಿಕ್ಕಿದ್ದು ಕಡಿಮೆ.

ತಾವು ನೆಟ್ಟ ಗಿಡ ಮರವಾಗುವುದನ್ನು ಅವರು ಕಾಣಲಿಲ್ಲ. 1909ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಫಂಡಿಗೆ ಆಗ ಮೂರು ವರ್ಷ. ಮರುವರ್ಷ ಅದು ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. 1969ರ ಜುಲೈನಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್‌ನಲ್ಲಿ ಕರಾವಳಿಯದೇ ಇನ್ನೊಂದು ಬ್ಯಾಂಕಾದ ಸಿಂಡಿಕೇಟ್ ಅದರೊಳಗೆ ಸೇರಿತು. ದೋಹಾದಲ್ಲಿ ಕೆಲಸದ ಮೇಲೆ ವಕೀಲರ ಕಚೇರಿಗಳಿಗೆ ಹೋದಾಗ ಬಾಗಿಲ ಮೇಲೆ ಸ್ಥಾಪಕರ ಹೆಸರು ದೊಡ್ಡದಾಗಿ ಕಾಣುತ್ತದೆ. ಸುಬ್ಬರಾವ್ ಪೈಗಳನ್ನು ನಾವು ನೆನೆಯುವುದು ಅಂಥ ಫಲಕದಿಂದಲ್ಲ, ಶಾಲೆ ಮತ್ತು ಬ್ಯಾಂಕಿನಿಂದ.

ಕತಾರ್‌ನಲ್ಲಿ ಇಂದು ಕೆಲಸಗಾರನಿಗೂ ಕಂಪನಿಗೂ ಸಂಬಳದ ತಕರಾರು ಬಂದರೆ, ಮೊದಲು ಕಾರ್ಮಿಕ ಸಚಿವಾಲಯದಲ್ಲಿ ಇಬ್ಬರನ್ನೂ ಕೂರಿಸಿ ರಾಜಿಗೆ ಯತ್ನಿಸುತ್ತಾರೆ. ಆಗದಿದ್ದರೆ ಮಾತ್ರ ವ್ಯಾಜ್ಯ ಇತ್ಯರ್ಥ ಸಮಿತಿಗೆ ಹೋಗುತ್ತದೆ. 2018ರಿಂದ ಆ ಸಮಿತಿಗಳು ಕೆಲಸ ಮಾಡುತ್ತಿವೆ. ಊರಿನಲ್ಲಿರುವ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು. ಗಂಡನೋ ಮಗನೋ ಸಂಬಳ ಬಂದಿಲ್ಲ ಎಂದು ಫೋನ್ ಮಾಡಿದರೆ, ಗಾಬರಿಯಾಗಿ ಕೈಸಾಲಕ್ಕೆ ಓಡುವ ಮೊದಲು ದೂರು ಕೊಟ್ಟೆಯಾ ಎಂದು ಕೇಳಿ. ಕೆಲಸದ ಕರಾರು ಮತ್ತು ಸಂಬಳದ ಚೀಟಿಯ ಒಂದು ಪ್ರತಿ ಊರಿನಲ್ಲೂ ಇರಲಿ.

ಅಪ್ಪ ಈಗಿಲ್ಲ. ಹೋದ ಸಲ ರಜೆಯಲ್ಲಿ ದೊಡ್ಡಪ್ಪನ ಮಗ ಅಣ್ಣಯ್ಯ ಮತ್ತು ನಾನು ಚಾವಡಿಯಲ್ಲಿ ಕೂತು, ಉಳಿದಿದ್ದ ಬಾವಿ ನೀರಿನ ತಕರಾರನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದೆವು. ಅತ್ತಿಗೆ ಎರಡು ಸಲ ಕಾಫಿ ತಂದಿಟ್ಟರು. ಅಷ್ಟರಲ್ಲಿ ಮುಗಿದಿತ್ತು.