ಕತ್ತಲಲ್ಲಿ ಇಲಿಯ ಗಡಿಯಾರ ನೋಡಿದವರು: ಪ್ರೊ. ಎಂ. ಕೆ. ಚಂದ್ರಶೇಖರನ್

ಜೈವಿಕ ಗಡಿಯಾರದ ಅಧ್ಯಯನಕ್ಕೆ ಭಾರತದಲ್ಲಿ ಗಟ್ಟಿ ಅಡಿಪಾಯ ಹಾಕಿದವರಲ್ಲಿ ಪ್ರೊ. ಎಂ. ಕೆ. ಚಂದ್ರಶೇಖರನ್ ಪ್ರಮುಖರು. 1937ರಲ್ಲಿ ಜನಿಸಿದ ಅವರು ಪ್ರಾಣಿಶಾಸ್ತ್ರ ಓದಿದರು. ಸಂಶೋಧನೆಯ ಆರಂಭದಲ್ಲಿ ಅವರ ಗಮನ ಸೆಳೆದದ್ದು ಕಡಲತೀರದ ಮರಳಿನಲ್ಲಿ ಹುದುಗಿರುವ ಒಂದು ಬಗೆಯ ಏಡಿ. ಸಮುದ್ರದಿಂದ ಪ್ರಯೋಗಾಲಯಕ್ಕೆ ತಂದಿಟ್ಟ ಮೇಲೂ ಅದರ ಚಟುವಟಿಕೆ ಉಬ್ಬರ ಇಳಿತದ ಲಯವನ್ನು ಬಿಡಲಿಲ್ಲ. ಕಾಲದ ಲೆಕ್ಕ ದೇಹದ ಒಳಗೇ ಇದೆ ಎಂಬುದಕ್ಕೆ ಇದು ಸುಳಿವಾಯಿತು.

ಮುಂದೆ ಅವರು ಜರ್ಮನಿಯ ಟ್ಯೂಬಿಂಗನ್‌ಗೆ ಹೋಗಿ, ಸಸ್ಯಗಳ ದಿನಲಯವನ್ನು ಅಧ್ಯಯನ ಮಾಡಿ ಹೆಸರಾಗಿದ್ದ ಎರ್ವಿನ್ ಬ್ಯೂನಿಂಗ್ ಅವರಲ್ಲಿ ಕೆಲಸ ಮಾಡಿದರು. ಭಾರತಕ್ಕೆ ಮರಳಿದ ಮೇಲೆ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿವರ್ತನೆಯ ವಿಭಾಗವನ್ನು ಕಟ್ಟಿದರು. ಅಲ್ಲಿ ಅವರ ಮುಖ್ಯ ಪ್ರಯೋಗಜೀವಿಗಳಲ್ಲಿ ಒಂದು ಹೊಲದ ಪುಟ್ಟ ಇಲಿ. ಇದರ ವೈಜ್ಞಾನಿಕ ಹೆಸರು ಮಸ್ ಬೂಡುಗ. ನಮ್ಮ ಕರ್ನಾಟಕದ ಹೊಲಗದ್ದೆಗಳಲ್ಲೂ ಇದು ಬಿಲ ತೋಡಿಕೊಂಡು ಬದುಕುತ್ತದೆ. ತೂಕ ಸುಮಾರು 10 ಗ್ರಾಂ.

ಈ ಇಲಿ ಹಗಲು ಮಲಗಿ ರಾತ್ರಿ ಓಡಾಡುತ್ತದೆ. ತಿರುಗುವ ಚಕ್ರವಿರುವ ಪಂಜರದಲ್ಲಿ ಅದನ್ನು ಬಿಟ್ಟು, ಕೋಣೆಯನ್ನು ದಿನಗಟ್ಟಲೆ ಕತ್ತಲಾಗಿಯೇ ಇಟ್ಟರೂ ಅದು ಕಂಡಕಂಡ ಹೊತ್ತಿನಲ್ಲಿ ಓಡುವುದಿಲ್ಲ. ಸರಿಸುಮಾರು 24 ಗಂಟೆಗೊಮ್ಮೆ ಎದ್ದು ಚಕ್ರ ತಿರುಗಿಸುತ್ತದೆ. ಆದರೆ ಸರಿಪಡಿಸಲು ಸೂರ್ಯನಿಲ್ಲದ ಕಾರಣ, ಏಳುವ ಹೊತ್ತು ದಿನಕ್ಕೆ ಕೆಲವು ನಿಮಿಷಗಳಷ್ಟು ಸರಿಯುತ್ತಾ ಹೋಗುತ್ತದೆ. ಕತ್ತಲಿನ ನಡುವೆ ಸ್ವಲ್ಪ ಹೊತ್ತು ಬೆಳಕು ಕೊಟ್ಟರೆ ಗಡಿಯಾರವೇ ಕದಲುತ್ತದೆ. ಇಲಿಯ ಪಾಲಿನ ರಾತ್ರಿಯ ಮೊದಲ ಭಾಗದಲ್ಲಿ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ. ಕೊನೆಯ ಭಾಗದಲ್ಲಿ ಬಿದ್ದದ್ದು ಮುಂದಕ್ಕೆ ಎಳೆಯುತ್ತದೆ. ಬಾವಲಿಗಳ ಮೇಲಿನ ಪ್ರಯೋಗದಲ್ಲಂತೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಿಂಚಿದ ಪ್ರಖರ ಬೆಳಕೂ ಗಡಿಯಾರವನ್ನು ಬದಲಿಸಿತು.

1985ರಲ್ಲಿ ಅವರು ವಿಶ್ವನಾಥನ್ ಅವರೊಂದಿಗೆ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಮನಸ್ಸಿಗೆ ನಾಟುವಂಥದ್ದು. ಹಗಲು ರಾತ್ರಿಯ ಬೆಳಕಿನ ವ್ಯತ್ಯಾಸವೇ ಇಲ್ಲದ ಕಡೆ ಇಲಿಮರಿಗಳನ್ನಿಟ್ಟು, ತಾಯಿಯನ್ನು 12 ಗಂಟೆ ಜೊತೆಗೆ ಬಿಟ್ಟು, 12 ಗಂಟೆ ದೂರ ಮಾಡಿದರು. ಮರಿಗಳ ದಿನಲಯ ತಾಯಿಯ ಬರುಹೋಗಿಗೆ ಹೊಂದಿಕೊಂಡಿತು. ಸೂರ್ಯನಿಲ್ಲದ ಕಡೆ ತಾಯಿಯೇ ಅವಕ್ಕೆ ಹೊತ್ತು ತಿಳಿಸಿದಳು.

1979ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಮಧುರೈಯ ನಂತರ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿ ಕಿರಿಯರಿಗೆ ದಾರಿ ತೋರಿದರು. 2009ರಲ್ಲಿ ನಿಧನರಾದರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಾದ ನಮಗೆ ರಾತ್ರಿ ಎಚ್ಚರವಿರುವುದು ಹೊಸದಲ್ಲ. ತಂಬಾಕು ಹದ ಮಾಡುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿ ಕಾಯಲು ಮನೆಯವರು ರಾತ್ರಿಯಿಡೀ ಕೂರುತ್ತಾರೆ. ಅದು ಹೊಟ್ಟೆಪಾಡು. ಬೆಳೆಗಾಗಿ ನಿದ್ದೆಗೆಟ್ಟವರಿಗೆ ಮರುದಿನ ಮಲಗಲು ಒಂದಿಷ್ಟು ಹೊತ್ತು ಬಿಟ್ಟುಕೊಡುವುದು ಮಕ್ಕಳಾದ ನಮ್ಮ ಕೈಯಲ್ಲಿದೆ. ಆದರೆ ಪರೀಕ್ಷೆಯ ಹಿಂದಿನ ದಿನ ನಡುರಾತ್ರಿಯವರೆಗೆ ಮೊಬೈಲಿನ ಬೆಳಕು ನೋಡುವುದು ನಮ್ಮದೇ ಆಯ್ಕೆ. ಇಲಿ ನಿಶಾಚರಿ, ನಾವು ಹಗಲಿನ ಜೀವಿಗಳು. ಆದರೂ ರಾತ್ರಿಯ ಮೊದಲ ಭಾಗದ ಬೆಳಕು ನಮ್ಮ ಗಡಿಯಾರವನ್ನೂ ಹಿಂದಕ್ಕೇ ತಳ್ಳುತ್ತದೆ. ಬೆಳಿಗ್ಗೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನಮ್ಮ ದೇಹಕ್ಕೆ ಇನ್ನೂ ಬೆಳಗಾಗಿರುವುದಿಲ್ಲ. ಬೇಗ ದೀಪ ಆರಿಸಿ, ಬೆಳಗಿನ ಬಿಸಿಲಿಗೆ ಮುಖ ಒಡ್ಡಿದರೆ ಒಳಗಿನ ಗಡಿಯಾರ ಮತ್ತೆ ಸರಿಹೋಗುತ್ತದೆ. ಅದಕ್ಕೆ ಖರ್ಚೇನೂ ಇಲ್ಲ.