ನಿತ್ಯವಿದ್ಯಾರ್ಥಿಗಳಾದ ಲಿಂಗೈಕ್ಯ ಫ. ಗು. ಹಳಕಟ್ಟಿಯವರು

ವಿದ್ಯಾರ್ಜನೆಗೆ ವಯಸ್ಸಿನ ಮೇರೆಯಿಲ್ಲ. ಪದವಿಯು ದೊರೆತೊಡನೆ ಪುಸ್ತಕವನ್ನು ಕಟ್ಟಿಡುವವರು ಲೋಕದಲ್ಲಿ ಬಹುಮಂದಿ. ಕೈಕೊಂಡ ಕಾರ್ಯವು ಬೇಡಿದಂತೆಲ್ಲ ಹೊಸ ವಿದ್ಯೆಗಳನ್ನು ಸಂಪಾದಿಸುತ್ತ, ಕಡೆಯವರೆಗೂ ಶಿಷ್ಯಭಾವವನ್ನು ಬಿಡದವರು ವಿರಳ. ವಚನಪಿತಾಮಹರೆಂದು ನಾಡು ಗೌರವಿಸುವ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಂಥ ವಿರಳರಲ್ಲಿ ಒಬ್ಬರು.

ಇವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ತಾಯಿ ದಾನಮ್ಮನವರು. ಮುಂಬಯಿಯಲ್ಲಿ ಉಚ್ಚ ಶಿಕ್ಷಣವನ್ನು ಪಡೆದು, 1904ರಲ್ಲಿ ಕಾಯದೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಬಳಿಕ ವಿಜಾಪುರದಲ್ಲಿ ವಕೀಲರಾಗಿ ನೆಲೆನಿಂತರು. ಆ ವೃತ್ತಿಯೊಂದನ್ನೇ ನೆಚ್ಚಿದ್ದರೆ ಸಂಸಾರವು ಸುಖವಾಗಿ ಸಾಗುತ್ತಿತ್ತು. ಆದರೆ ಮಠ ಮನೆಗಳ ಜಂತೆಗಳಲ್ಲಿ ಹೊಗೆ ಹಿಡಿದು, ಹುಳುವಿಗೆ ಆಹಾರವಾಗುತ್ತಿದ್ದ ಶರಣರ ವಚನಗಳ ತಾಳೆಯೋಲೆಗಳು ಅವರ ಚಿತ್ತವನ್ನು ಸೆಳೆದವು.

ಓಲೆಯನ್ನು ಓದುವುದು ಸುಲಭಸಾಧ್ಯವಾದ ಕೆಲಸವಲ್ಲ. ಕಂಟದಿಂದ ಕೊರೆದ ಅಕ್ಷರಗಳು ಕಾಡಿಗೆಯನ್ನು ತೀಡಿದಲ್ಲದೆ ಕಣ್ಣಿಗೆ ತೋರವು. ಪದಪದಗಳ ನಡುವೆ ಎಡೆಯಿಲ್ಲ. ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವನ್ನು ಲಿಪಿಕಾರರು ಬಹುಧಾ ತೋರಿಸುತ್ತಿರಲಿಲ್ಲ. ಒಂದೇ ವಚನವು ಪ್ರತಿಯಿಂದ ಪ್ರತಿಗೆ ಭಿನ್ನವಾಗಿರುತ್ತಿತ್ತು. ನ್ಯಾಯಾಲಯದ ಕಾಗದಪತ್ರಗಳನ್ನು ಓದಿ ಬಲ್ಲ ವಕೀಲರು ಈ ಹಳೆಯ ಬರೆಹದ ಮುಂದೆ ಅಕ್ಷರಾಭ್ಯಾಸವನ್ನು ಮತ್ತೊಮ್ಮೆ ಮಾಡಿದರು. ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿ, ಪಾಠಗಳನ್ನು ಒಂದಕ್ಕೊಂದು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು.

ಗ್ರಂಥಗಳನ್ನು ಹೊರಗೆ ತರಬೇಕಾದರೆ ಪರರ ಮುದ್ರಣಾಲಯವನ್ನು ನಂಬಿ ನಡೆಯದೆಂದು ಕಂಡು, ತಮ್ಮ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಆಗ ಅವರಿಗೆ ನಾಲ್ವತ್ತೈದು ವರ್ಷ. ಅಚ್ಚುಮೊಳೆ, ಕರಡಚ್ಚು, ಕಾಗದಗಳ ವ್ಯವಹಾರವೆಲ್ಲ ಆ ವಯಸ್ಸಿನಲ್ಲಿ ಹೊಸ ಪಾಠವಾಯಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿ ಸಂಪಾದಕಧರ್ಮವನ್ನು ಕಲಿತರು. ಹರಿಹರ ಕವಿಯ ರಗಳೆಗಳನ್ನೂ ಶೋಧಿಸಿ ಬೆಳಕಿಗೆ ತಂದರು. 1926ರ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು.

ಇದಕ್ಕೂ ಪೂರ್ವದಲ್ಲಿಯೇ, ಜನರು ಸಾಲದ ಬಾಧೆಯಿಂದ ಬಳಲುವುದನ್ನು ಕಂಡು ಸಹಕಾರದ ತತ್ತ್ವವನ್ನು ಅಭ್ಯಸಿಸಿ, 1912ರಲ್ಲಿ ವಿಜಾಪುರದ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. 1910ರಲ್ಲಿ ಹುಟ್ಟಿದ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾಸಂಸ್ಥೆಯೂ ಅವರ ಪರಿಶ್ರಮದ ಫಲವೇ.

ಬ್ಯಾಂಕನ್ನು ಕಟ್ಟಿದವರ ಸ್ವಂತ ಮನೆಯಲ್ಲಿ ದಾರಿದ್ರ್ಯವು ನೆಲಸಿತು. ವಕೀಲಿಯ ಸಂಪಾದನೆಯು ಮುದ್ರಣಾಲಯದ ಪಾಲಾಯಿತು. ಕಲಿತ ಒಂದೊಂದು ವಿದ್ಯೆಗೂ ಅವರು ತಮ್ಮ ಸೌಖ್ಯವನ್ನೇ ಗುರುದಕ್ಷಿಣೆಯಾಗಿ ಒಪ್ಪಿಸಿದರು. ಆದರೂ ವಚನಗಳ ಕಾಯಕವು ನಿಲ್ಲಲಿಲ್ಲ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಮನ್ನಿಸಿತು. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿರುವಾಗ, ಅವರು ಲಿಂಗೈಕ್ಯರಾದರು.

ವಿನೋದಕ್ಕಾಗಿ ಕಲಿತದ್ದು ಕಲಿತವನೊಡನೆಯೇ ಮುಗಿಯುತ್ತದೆ. ಕಾಯಕಕ್ಕಾಗಿ ಕಲಿತದ್ದು ದಾಸೋಹವಾಗಿ ಸಮಾಜಕ್ಕೆ ಸಲ್ಲುತ್ತದೆ. ಇಂದು ಮಠದ ಪಾಠಶಾಲೆಗಳಲ್ಲಿ ವಟುಗಳು ಶರಣರ ವಚನಗಳನ್ನು ಅಚ್ಚಾದ ಪುಸ್ತಕದಲ್ಲಿ ನಿರಾಯಾಸವಾಗಿ ಓದುತ್ತಿರುವರು. ಆ ಪುಟಗಳ ಹಿಂದೆ, ಓಲೆಯ ಮುಂದೆ ಬಾಲಕನಂತೆ ಕುಳಿತು ಅಕ್ಷರ ಕಲಿತ ಹಿರಿಯರೊಬ್ಬರ ಶ್ರಮವಿದೆಯೆಂಬುದನ್ನು ಶಿಷ್ಯಸಮುದಾಯವು ಮರೆಯದಿರಲಿ.